ಕಿಲ್ -9 ಕೊಟ್ಟರೂ ಜಾಂಬಿ ಪ್ರೊಸೆಸ್ ಹೋಗುತ್ತಿಲ್ಲ, ಏನು ಮಾಡಲಿ?

ಲಿನಕ್ಸ್‌ನಲ್ಲಿ ಓಡುವ ಪ್ರೊಸೆಸ್‌ಗಳನ್ನು ತೋರಿಸುವ ಟಾಪ್‌ನಲ್ಲಿ ಜಾಂಬಿಗಳ ಲೆಕ್ಕ ದಿನದಿಂದ ದಿನಕ್ಕೆ ಏರುತ್ತಿದೆ, ಬಲವಂತವಾಗಿ ಸಾಯಿಸುವ ಕಿಲ್ -9 ಕೊಟ್ಟರೂ ಒಂದೂ ಹೋಗುತ್ತಿಲ್ಲ ಎಂದು ಕೇಳಿದ್ದೀರಿ. ಹೋಗುವುದೂ ಇಲ್ಲ. ಅದು ಆಗಲೇ ಸತ್ತಿದೆ, ಸತ್ತದ್ದನ್ನು ಮತ್ತೆ ಸಾಯಿಸೋಕೆ ಆಗಲ್ಲ ಅಲ್ವಾ? ಅದರ ಮೆಮೊರಿ ವಾಪಸ್ ಹೋಗಿದೆ, ತೆರೆದಿದ್ದ ಫೈಲುಗಳು ಮುಚ್ಚಿವೆ. ಉಳಿದಿರುವುದು ಕರ್ನಲ್‌ನ ಪ್ರೊಸೆಸ್ ಟೇಬಲ್‌ನಲ್ಲಿ ಒಂದು ಸಾಲು: ಪಿಐಡಿ (ಪ್ರೊಸೆಸ್‌ನ ನಂಬರ್), ಎಕ್ಸಿಟ್ ಸ್ಟೇಟಸ್ (ಹೇಗೆ ಮುಗಿಯಿತು ಎಂಬ ಕೋಡ್), ಎಷ್ಟು ಸಿಪಿಯು ಬಳಸಿತ್ತು ಎಂಬ ಲೆಕ್ಕ. ಅದನ್ನು ಹುಟ್ಟಿಸಿದ ಪೇರೆಂಟ್ ಪ್ರೊಸೆಸ್ ವೇಟ್ ಎಂಬ ಸಿಸ್ಟಮ್ ಕಾಲ್ ಕರೆದು ಆ ಸ್ಟೇಟಸ್ ತೆಗೆದುಕೊಳ್ಳುವ ತನಕ ಕರ್ನಲ್ ಆ ಸಾಲನ್ನು ಇಟ್ಟುಕೊಂಡೇ ಇರುತ್ತದೆ.

ಹಾಗಾಗಿ ಜಾಂಬಿಯನ್ನು ಬಿಡಿ, ಪೇರೆಂಟ್ ಯಾರು ನೋಡಿ. ಇದನ್ನು ಓಡಿಸಿ:

ಪಿಎಸ್ -ಇಒ ಪಿಐಡಿ,ಪಿಪಿಐಡಿ,ಸ್ಟ್ಯಾಟ್,ಸಿಎಮ್‌ಡಿ

ಸ್ಟ್ಯಾಟ್ ಕಾಲಂನಲ್ಲಿ ಝಡ್ ಇರುವ ಸಾಲುಗಳೇ ನಿಮ್ಮ ಜಾಂಬಿಗಳು, ಹೆಸರಿನ ಪಕ್ಕ ಡಿಫಂಕ್ಟ್ ಎಂದೂ ಇರುತ್ತದೆ. ಅವುಗಳ ಪಿಪಿಐಡಿ, ಅಂದರೆ ಪೇರೆಂಟ್‌ನ ಪಿಐಡಿ, ಗಮನಿಸಿ. ನಿಮ್ಮ ಹಾಗೆ ಲೆಕ್ಕ ಏರುತ್ತಲೇ ಇದ್ದರೆ ಹೆಚ್ಚಾಗಿ ಎಲ್ಲದರದ್ದೂ ಒಂದೇ ಪಿಪಿಐಡಿ ಆಗಿರುತ್ತದೆ. ಈಗ ಆ ಪೇರೆಂಟ್‌ನ ಸ್ಟ್ಯಾಟ್ ಕೂಡ ನೋಡಿ, ಇದನ್ನು ತುಂಬಾ ಜನ ಮರೆಯುತ್ತಾರೆ. ಅಲ್ಲಿ ಟಿ ಇದ್ದರೆ ಯಾರೋ ಅದನ್ನು ನಿಲ್ಲಿಸಿದ್ದಾರೆ ಅಷ್ಟೇ. ಕಿಲ್ -ಕಾಂಟ್ ಕೊಟ್ಟು ಎಬ್ಬಿಸಿದರೆ ತಾನೇ ಗುಡಿಸಿಕೊಳ್ಳಬಹುದು.

ಪೇರೆಂಟ್ ಚೆನ್ನಾಗಿಯೇ ಓಡುತ್ತಿದ್ದರೆ ಬಗ್ ಅದರ ಕೋಡ್‌ನಲ್ಲಿದೆ. ಸದ್ಯಕ್ಕೆ ಅದನ್ನು ರೀಸ್ಟಾರ್ಟ್ ಮಾಡಿ. ಪೇರೆಂಟ್ ಹೋದ ತಕ್ಷಣ ಜಾಂಬಿಗಳು ಪಿಐಡಿ 1, ಅಂದರೆ ಸಿಸ್ಟಮ್ ಶುರುವಾದಾಗ ಮೊದಲು ಓಡುವ ಇನಿಟ್ ಅಥವಾ ಸಿಸ್ಟಮ್‌ಡಿ ಪಾಲಿಗೆ ಬರುತ್ತವೆ. ಅದು ವೇಟ್ ಕರೆದು ಅಳಿಸಿಬಿಡುತ್ತದೆ. ಇಡೀ ಮಷಿನ್ ರೀಬೂಟ್ ಮಾಡುವ ಅಗತ್ಯವಿಲ್ಲ.

ನಂಬಿಕೆ ಬರದಿದ್ದರೆ ಒಂದು ಜಾಂಬಿಯನ್ನು ನೀವೇ ಹುಟ್ಟಿಸಿ ನೋಡಿ. ಶೆಲ್‌ನಲ್ಲಿ (ಸ್ಲೀಪ್ 1 & ಎಕ್ಸೆಕ್ ಸ್ಲೀಪ್ 100) ಎಂದು ಓಡಿಸಿ, ಇನ್ನೊಂದು ಟರ್ಮಿನಲ್‌ನಲ್ಲಿ ಪಿಎಸ್ ನೋಡಿ. ಒಂದು ಸೆಕೆಂಡ್ ಆದ ಮೇಲೆ ಚಿಕ್ಕ ಸ್ಲೀಪ್ ಡಿಫಂಕ್ಟ್ ಆಗಿ ಕೂತಿರುತ್ತದೆ, ಏಕೆಂದರೆ ಎಕ್ಸೆಕ್ ಶೆಲ್‌ನ ಜಾಗದಲ್ಲೇ ದೊಡ್ಡ ಸ್ಲೀಪ್ ಕೂರಿಸಿದ್ದರಿಂದ ಅದರ ಪೇರೆಂಟ್ ಈಗ ದೊಡ್ಡ ಸ್ಲೀಪ್, ಅದಕ್ಕೆ ವೇಟ್ ಕರೆಯುವುದು ಗೊತ್ತೇ ಇಲ್ಲ. ದೊಡ್ಡದನ್ನು ಕಿಲ್ ಮಾಡಿ, ಎರಡೂ ಮಾಯ.

ಕೋಡ್ ನಿಮ್ಮದೇ ಆದರೆ ಸರಿಯಾದ ದಾರಿ ಸಿಗ್‌ಚೈಲ್ಡ್ ಹ್ಯಾಂಡ್ಲರ್, ಅಂದರೆ ಚೈಲ್ಡ್ (ಹುಟ್ಟಿಸಿದ ಪ್ರೊಸೆಸ್) ಸತ್ತಾಗ ಬರುವ ಸಿಗ್ನಲ್‌ಗೆ ಓಡುವ ಫಂಕ್ಷನ್. ಆದರೆ ಅದರೊಳಗೆ ವೇಟ್‌ಪಿಡ್ ಅನ್ನು ಒಂದೇ ಸಲ ಕರೆದರೆ ಸಾಲದು. ಮೂರು ಚೈಲ್ಡ್‌ಗಳು ಒಟ್ಟಿಗೆ ಸತ್ತರೆ ಸಿಗ್ನಲ್ ಮೂರು ಸಲ ಬರುತ್ತದೆ ಎಂಬ ಖಾತ್ರಿ ಇಲ್ಲ, ಒಂದೇ ಬರಬಹುದು. ನಿಧಾನಕ್ಕೆ ಏರುವ ಜಾಂಬಿ ಲೆಕ್ಕದ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಮೊದಲ ಆರ್ಗ್ಯುಮೆಂಟ್ -1, ಕೊನೆಯದು ಡಬ್ಲ್ಯುನೋಹ್ಯಾಂಗ್ (ಕಾಯಬೇಡ ಎಂಬ ಸೂಚನೆ) ಕೊಟ್ಟು, ಉತ್ತರ 0ಗಿಂತ ಜಾಸ್ತಿ ಬರುತ್ತಿರುವಷ್ಟು ಹೊತ್ತೂ ಲೂಪ್‌ನಲ್ಲಿ ಕರೆಯುತ್ತಿರಿ. ಎಕ್ಸಿಟ್ ಸ್ಟೇಟಸ್ ಬೇಡವೇ ಬೇಡ ಎಂದಾದರೆ ಸಿಗ್‌ಚೈಲ್ಡ್‌ಗೆ ಸಿಗ್‌ಇಗ್ನ್ (ಸಿಗ್ನಲ್ ಕಡೆಗಣಿಸು ಎಂಬ ಸೂಚನೆ) ಇಟ್ಟರೂ ಲಿನಕ್ಸ್‌ನಲ್ಲಿ ಜಾಂಬಿ ಹುಟ್ಟುವುದಿಲ್ಲ. ಪೈಥಾನ್ ಆದರೆ ಚೈಲ್ಡ್ ಹುಟ್ಟಿಸುವ ಪೋಪೆನ್ ಕರೆದು ವೇಟ್, ಪೋಲ್ ಯಾವುದನ್ನೂ ಕರೆಯದೆ ಬಿಟ್ಟ ಜಾಗಗಳನ್ನು ಮೊದಲು ಹುಡುಕಿ.

ಒಂದೆರಡು ಜಾಂಬಿ ಸುಮ್ನೆ ಇದ್ದರೆ ಏನೂ ಆಗುವುದಿಲ್ಲ. ಏರುತ್ತಾ ಹೋದರೆ ಮಾತ್ರ ಅಪಾಯ, ಪಿಐಡಿಗಳಿಗೆ ಮಿತಿ ಇದೆ. ಲಿನಕ್ಸ್‌ನಲ್ಲಿ ಪಿಐಡಿ ಮ್ಯಾಕ್ಸ್ ಎಷ್ಟೋ ಕಡೆ 32768 ಇರುತ್ತದೆ. ಅದು ತುಂಬಿದರೆ ಹೊಸ ಪ್ರೊಸೆಸ್ ಹುಟ್ಟಿಸುವ ಫೋರ್ಕ್ ಫೇಲ್ ಆಗುತ್ತದೆ, ಆಗ ಹೊಸ ಶೆಲ್ ತೆರೆಯುವುದೂ ಕಷ್ಟ.

ಇದೆಲ್ಲ ಡಾಕರ್ ಕಂಟೇನರ್ ಒಳಗೆ ನಡೆಯುತ್ತಿದ್ದರೆ ಕಾರಣ ಬೇರೆ ಇರಬಹುದು. ಅಲ್ಲಿ ಪಿಐಡಿ 1 ನಿಮ್ಮ ಆಪ್ ತಾನೇ, ಅನಾಥ (ಪೇರೆಂಟ್ ಸತ್ತ) ಪ್ರೊಸೆಸ್‌ಗಳನ್ನು ಗುಡಿಸುವ ಕೆಲಸ ಅದಕ್ಕೆ ಯಾರೂ ಕಲಿಸಿರುವುದಿಲ್ಲ. ಡಾಕರ್ ರನ್ ಜೊತೆ --ಇನಿಟ್ ಸೇರಿಸಿ. ಟಿನಿ ಎಂಬ ಪುಟ್ಟ ಇನಿಟ್ ಪಿಐಡಿ 1 ಆಗಿ ಕೂತು ಅನಾಥವಾದವನ್ನೆಲ್ಲ ಗುಡಿಸುತ್ತದೆ. ಆದರೆ ನಿಮ್ಮ ಆಪ್ ಬದುಕಿದ್ದೂ ತನ್ನ ಸ್ವಂತ ಚೈಲ್ಡ್‌ಗಳಿಗೆ ವೇಟ್ ಕರೆಯದಿದ್ದರೆ ಟಿನಿ ಕೂಡ ಏನೂ ಮಾಡಲಾರದು, ಅದನ್ನು ಕೋಡ್‌ನಲ್ಲೇ ಸರಿಮಾಡಬೇಕು.