ಗಡಿಯಾರ ಇದೆ ಮಾರಾಯ, ಸಿಗ್ನಲ್ ಇಲ್ಲ

"ನಿಮ್ಮ ಕಡೆಯವರು ತುಂಬೋ ಫಾರ್ಮಲ್ಲಿ ಗಾಯವಾದ ಸಮಯ ಯಾಕೆ ಯಾವಾಗಲೂ ಅಂದಾಜು? ಯಾರ ಮನೇಲೂ ಗಡಿಯಾರ ಇಲ್ವಾ?" ಬೆಂಗಳೂರಲ್ಲಿ ಕೂತು ನಮ್ಮ ತುರ್ತು ಚಿಕಿತ್ಸೆ ಅಧ್ಯಯನದ ಡೇಟಾ ನೋಡುವ ಗೆಳೆಯನ ಪ್ರಶ್ನೆ.

ಹೊಸನಗರ ತಾಲ್ಲೂಕಿನ ಘಟ್ಟದಂಚಿಗೆ ಒಮ್ಮೆ ಬಾ. ಮಳೆ ಹೊಳವಾಯ್ತು ಅಂತ ಕೊಳೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ ಕೊನೆಗಾರ ಜಾರಿ ಬಿದ್ದರೆ, ಒಬ್ಬ ಗುಡ್ಡದ ನೆತ್ತಿಗೆ ಓಡಿ 108ಕ್ಕೆ ಫೋನ್ ಮಾಡಬೇಕು. ಉಳಿದವರು ಕಂಬಳಿ ಜೋಲಿ ಕಟ್ಟಿ ಅವನನ್ನು ರಸ್ತೆಗೆ ಹೊರಬೇಕು. (ಬೆನ್ನುಮೂಳೆಗೆ ಜೋಲಿ ಒಳ್ಳೇದಲ್ಲ, ನನಗೂ ಗೊತ್ತು. ಬೆನ್ನು ಅಲುಗದಂತೆ ಮಲಗಿಸೋ ಹಲಗೆ, ಸ್ಪೈನ್ ಬೋರ್ಡ್, ಸಂಕ ದಾಟಿ ತೋಟಕ್ಕೆ ತಾನಾಗಿ ಬರಲ್ಲ.) ನಿನ್ನ ಲೆಕ್ಕ ಕರೆ ಬಂದಲ್ಲಿಂದ ಶುರು. ನಮ್ಮ ಹೊತ್ತು ಹೋಗೋದು ಅದಕ್ಕೂ ಮುಂಚೆ.

ಆ ಹೊತ್ತಿಗೆ ಬೆಲೆ ಇದೆ. 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಪ್ರಯೋಗದಲ್ಲಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳಿದ್ದರು. ರಕ್ತಸ್ರಾವ ತಡೆಯೋ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಗಾಯಾಳುಗಳ ಸಾವು ತಗ್ಗಿಸುತ್ತೆ ಅಂತ ಗೊತ್ತಾಗಿದ್ದು ಅಲ್ಲೇ. ಮರುವರ್ಷದ ವಿಶ್ಲೇಷಣೆ ಇನ್ನೊಂದು ಹೇಳಿತು: ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಲಾಭ, ದಾಟಿದ ಮೇಲೆ ಕೊಟ್ಟರೆ ರಕ್ತಸ್ರಾವದ ಸಾವು ಹೆಚ್ಚಬಹುದು. ಆ 3 ಗಂಟೆ ಮರದಿಂದ ಬಿದ್ದ ಗಳಿಗೆಯಿಂದ, ಫೋನ್ ಹತ್ತಿದ ಗಳಿಗೆಯಿಂದಲ್ಲ.

ಹಾಗಾಗಿ ಕ್ಯಾಶುವಾಲ್ಟಿಯಲ್ಲಿ ನಾನು "ಎಷ್ಟು ಗಂಟೆಗೆ?" ಅಂತ ಕೇಳೋದನ್ನೇ ಬಿಟ್ಟಿದ್ದೀನಿ. "ಆಗ ಏನು ಮಾಡ್ತಿದ್ರಿ?" ಅಂತೀನಿ. "ಉದುರಡಿಕೆ ಹೆಕ್ತಿದ್ದೆ ಸಿಸ್ಟರೇ, ಎರಡನೇ ಟ್ರಿಪ್ ಬಸ್ಸು ತಿರುವಲ್ಲಿ ಹಾರ್ನ್ ಹೊಡೀತು, ಅದರ ಹಿಂದೇ ಧೊಪ್ಪಂತ ಕೇಳ್ತು" ಅಂದಳು ಒಬ್ಬನ ಹೆಂಡತಿ. ಆ ಬಸ್ಸು ಅಲ್ಲಿಗೆ ಬರೋದು ಹತ್ತೂಕಾಲಿಗೆ. ಮಳೆಗಾಲ, ಐದು ನಿಮಿಷ ತಡ ಅಂದುಕೋ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಆದರೆ ನಿನ್ನ ಸಾಫ್ಟ್‌ವೇರ್‌ಗೆ ಆಸುಪಾಸು ಅನ್ನೋದು ಆಗಲ್ಲ. 10:20 ಅಂತ ತುಂಬಿದರೆ "ಸಮಯಕ್ಕೆ ಆಧಾರವೇನು?" ಅಂತ ಕ್ವೆರಿ. ಬಸ್ಸು ಅಂತ ಬರೆದರೆ ಮತ್ತೊಂದು ಕ್ವೆರಿ. ಖಾಲಿ ಬಿಟ್ಟರೆ ಮಲೆನಾಡಿನವರು ಸೋಮಾರಿಗಳು.

ಇನ್ನು 30ನೇ ದಿನ ಗಾಯಾಳು ಹೇಗಿದ್ದಾನೆ ಅನ್ನೋ ಕಲಂ. ಹುಲಿಕಲ್ ಘಾಟಿ ಇಳಿದರೆ ಉಡುಪಿ ಜಿಲ್ಲೆ. ಶಿವಮೊಗ್ಗಕ್ಕೆ ರೆಫರ್ ಮಾಡಿ ಚೀಟಿ ಬರೆದುಕೊಟ್ಟರೂ ಘಟ್ಟದ ಕೆಳಗೆ ನೆಂಟರಿದ್ದವರು ಕೆಳಗೇ ಇಳೀತಾರೆ. ನಿನ್ನ ಪಟ್ಟಿಯಲ್ಲಿ ಅವರೆಲ್ಲ "ಸಂಪರ್ಕ ತಪ್ಪಿದವರು". ಅದರಲ್ಲೊಬ್ಬ ಮೊನ್ನೆ ಸಂತೆಯಲ್ಲಿ ಒಣಮೀನು ಚೌಕಾಸಿ ಮಾಡ್ತಿದ್ದ, ಸ್ವಲ್ಪ ಕುಂಟ್ತಾನೆ, ಅಷ್ಟೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನೇ, ನಿಂತು ಮಾತಾಡಿಸಿ ಬರೆದುಕೊಂಡೆ. ಫೋನ್ ಮಾಡಿದ ದಾಖಲೆ ಇಲ್ಲ ಅಂತ ಅದನ್ನೂ ವಾಪಸ್ ಕಳಿಸಬೇಡ.