40 ಮೀಟರ್ ದೂರದ ಟಚ್‌ಸ್ಕ್ರೀನ್: ಚಿತ್ರ ಬರುತ್ತೆ, ಟಚ್ ಯಾಕೆ ಬರಲ್ಲ?

ಕಂಪ್ಯೂಟರ್ ಮೊದಲ ಮಹಡಿಯಲ್ಲಿದೆ, ಟಚ್‌ಸ್ಕ್ರೀನ್ ಕೆಳಗೆ ಬಾಗಿಲ ಹತ್ತಿರ ಇದೆ, ನಡುವೆ 40 ಮೀಟರ್ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್) ಎಳೆದು ಎಚ್‌ಡಿಎಂಐ ಎಕ್ಸ್‌ಟೆಂಡರ್ (ಚಿತ್ರವನ್ನು ಆ ಕೇಬಲ್‌ನಲ್ಲಿ ದೂರ ಸಾಗಿಸುವ ಎರಡು ಡಬ್ಬಿಗಳ ಜೋಡಿ) ಹಾಕಿದ್ದೇನೆ, ಚಿತ್ರ ಬರುತ್ತೆ, ಮುಟ್ಟಿದರೆ ಮಾತ್ರ ಏನೂ ಆಗಲ್ಲ ಅಂತ ಕೇಳಿದ್ದೀರಿ. ಸ್ಕ್ರೀನ್ ಕೆಟ್ಟಿರಲಿಕ್ಕಿಲ್ಲ. ಒಂದು ಲ್ಯಾಪ್‌ಟಾಪ್ ಕೆಳಗೆ ತಂದು ಸ್ಕ್ರೀನಿನ ಯುಎಸ್‌ಬಿಗೆ ನೇರವಾಗಿ ಸಿಕ್ಕಿಸಿ ನೋಡಿ. ಟಚ್ ಬಂದರೆ ತೊಂದರೆ ಇರೋದು ನಡುವಿನ ದಾರಿಯಲ್ಲಿ, ಸ್ಕ್ರೀನಿನಲ್ಲಿ ಅಲ್ಲ.

ಚಿತ್ರ ಎಚ್‌ಡಿಎಂಐಯಲ್ಲಿ ಕೆಳಗೆ ಹೋಗುತ್ತದೆ. ಬೆರಳು ಎಲ್ಲಿ ಮುಟ್ಟಿತು ಅನ್ನೋ ಸುದ್ದಿ ಯುಎಸ್‌ಬಿಯಲ್ಲಿ ಮೇಲೆ ಬರಬೇಕು. ನಿಮ್ಮ ಎಕ್ಸ್‌ಟೆಂಡರ್‌ನಲ್ಲಿ ಯುಎಸ್‌ಬಿ ಕಿಂಡಿಯೇ ಇಲ್ಲದಿದ್ದರೆ ಆ ಸುದ್ದಿಗೆ ದಾರಿ ಎಲ್ಲಿ? ಯುಎಸ್‌ಬಿ 2.0 ಕೇಬಲ್ ಲೆಕ್ಕದ ಪ್ರಕಾರ 5 ಮೀಟರಿಗೆ ಮುಗಿಯಿತು, ರಿಪೀಟರ್ ಕೇಬಲ್‌ಗಳನ್ನು (ಸಿಗ್ನಲ್ಲಿಗೆ ಮತ್ತೆ ಬಲ ಕೊಟ್ಟು ಮುಂದಕ್ಕೆ ಕಳಿಸುವ ಕೇಬಲ್) ಒಂದಕ್ಕೊಂದು ಜೋಡಿಸಿದರೂ ಐದಕ್ಕಿಂತ ಹೆಚ್ಚು ಕೇಬಲ್ ಹಾಕುವ ಹಾಗಿಲ್ಲ, 40 ಮೀಟರ್ ಮುಟ್ಟುವುದಿಲ್ಲ.

ಪೈಪಿನಲ್ಲಿ ಜಾಗ ಇದ್ದರೆ ಇನ್ನೊಂದು ಕ್ಯಾಟ್ 6 ಎಳೆದು ಬೇರೆಯೇ ಯುಎಸ್‌ಬಿ ಎಕ್ಸ್‌ಟೆಂಡರ್ ಹಾಕಿ. ಟಚ್‌ಗೆ ವೇಗ ಬೇಕಾಗಿಲ್ಲ, ಮೌಸ್‌ನಷ್ಟೇ ಚಿಲ್ಲರೆ ಡೇಟಾ. ಜಾಗ ಇಲ್ಲವಾದರೆ ಯುಎಸ್‌ಬಿ ಇರುವ ಎಚ್‌ಡಿಬೇಸ್‌ಟಿ (ಚಿತ್ರ, ಯುಎಸ್‌ಬಿ ಎಲ್ಲವನ್ನೂ ಒಂದೇ ಕೇಬಲ್‌ನಲ್ಲಿ ಕಳಿಸುವ ತಂತ್ರಜ್ಞಾನ) ಡಬ್ಬಿಗಳ ಜೋಡಿ ತೆಗೆದುಕೊಳ್ಳಿ, ಒಂದೇ ಕೇಬಲ್‌ನಲ್ಲಿ ಎರಡೂ ಹೋಗುತ್ತವೆ, ದುಡ್ಡು ಜಾಸ್ತಿ. ಕೆವಿಎಂ ಎಕ್ಸ್‌ಟೆಂಡರ್ (ಕೀಬೋರ್ಡ್, ಮಾನಿಟರ್, ಮೌಸ್ ಮೂರನ್ನೂ ದೂರಕ್ಕೆ ಒಯ್ಯುವ ಡಬ್ಬಿ) ಕೊಡ್ತೀನಿ ಅಂತ ಅಂಗಡಿಯವರು ಅಂದರೆ ಸ್ವಲ್ಪ ನಿಲ್ಲಿ. ಕೆಲವು ಕೀಬೋರ್ಡ್, ಮೌಸ್ ಬಿಟ್ಟು ಬೇರೇನನ್ನೂ ಒಳಗೆ ಬಿಡುವುದಿಲ್ಲ, ಟಚ್ ನಡೆಯುತ್ತಾ ಅಂತ ಅಲ್ಲೇ ಹಾಕಿಸಿ ನೋಡಿ. ಮತ್ತೆ, ಕೇಬಲ್ ತುದಿಯ ಪ್ಲಗ್ ಒಂದೇ ಥರ ಇದೆ ಅಂತ ಎಚ್‌ಡಿಬೇಸ್‌ಟಿಯನ್ನು ನೆಟ್‌ವರ್ಕ್ ಸ್ವಿಚ್‌ಗೆ ಚುಚ್ಚಬೇಡಿ. ಅದು ಈಥರ್ನೆಟ್ (ಮಾಮೂಲಿ ನೆಟ್‌ವರ್ಕ್) ಅಲ್ಲ, ಈ ಡಬ್ಬಿಯಿಂದ ಆ ಡಬ್ಬಿಗೆ ನೇರ ಕೇಬಲ್ ಬೇಕು.

ಕೇಬಲ್ ವಿಷಯದಲ್ಲಿ ನಾನು ಸರಿಯಾಗಿ ಏಟು ತಿಂದಿದ್ದೇನೆ. ಒಂದು ಕಲ್ಯಾಣ ಮಂಟಪದಲ್ಲಿ ಇದೇ ಕೆಲಸ, ಬೆಳಿಗ್ಗೆ ಎಲ್ಲ ಸರಿ, ಅಡುಗೆಮನೆಯಲ್ಲಿ ಗ್ರೈಂಡರ್ ಶುರುವಾದ ತಕ್ಷಣ ಟಚ್ ಹೋಗೋದು, ನಿಲ್ಲಿಸಿದರೆ ವಾಪಸ್ ಬರೋದು. ಎರಡು ದಿನ ಡಬ್ಬಿ ಬದಲಾಯಿಸಿದೆ, ಡ್ರೈವರ್ ಬದಲಾಯಿಸಿದೆ, ಅಡುಗೆಯವರು ನನ್ನ ನೋಡಿ ನಗೋಕೆ ಶುರು ಮಾಡಿದರು. ಆಮೇಲೆ ನೋಡಿದರೆ ಎಲೆಕ್ಟ್ರಿಷಿಯನ್ ನಮ್ಮ ಕೇಬಲ್ಲನ್ನು ಕರೆಂಟ್ ವೈರ್ ಇರುವ ಪೈಪಿನಲ್ಲೇ ತೂರಿಸಿದ್ದ. ಸಾಲದ್ದಕ್ಕೆ ಆ ಕೇಬಲ್ ಪೂರ್ತಿ ತಾಮ್ರವೂ ಅಲ್ಲ, ತಾಮ್ರ ಬಳಿದ ಅಲ್ಯೂಮಿನಿಯಂ. ಬ್ಲೇಡಿನಲ್ಲಿ ತಂತಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಅದೇ. ಬೇರೆ ಪೈಪಿನಲ್ಲಿ ತಾಮ್ರದ ಕೇಬಲ್ ಎಳೆದ ಮೇಲೆ ಗ್ರೈಂಡರ್ ಎಷ್ಟು ಬೇಕಾದರೂ ತಿರುಗಲಿ, ಟಚ್ ಅಲುಗಲಿಲ್ಲ. ನಡುವೆ ಜಾಯಿಂಟ್ ಹಾಕದೆ ಒಂದೇ ತುಂಡು ಎಳೆಯಿರಿ.

ಸ್ಕ್ರೀನ್ ಹಿಂದೆ ಒಂದು ಸಣ್ಣ ಪಿಸಿ ಇಡೋಕೆ ಆಗುತ್ತಾ ಅಂತಲೂ ಯೋಚಿಸಿ. ಬರೀ ವೆಬ್ ಪುಟ ತೋರಿಸೋದಾದರೆ ರಾಸ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಸಾಕು, ಆಗ 40 ಮೀಟರಿನಲ್ಲಿ ಮಾಮೂಲಿ ನೆಟ್‌ವರ್ಕ್ ಅಷ್ಟೇ ಹರಿಯುತ್ತದೆ, ಈ ತಲೆನೋವೇ ಇಲ್ಲ. ನನ್ನನ್ನು ಕೇಳಿದರೆ ಇದೇ ಮೇಲು, ಆದರೆ ನಿಮ್ಮ ಸಾಫ್ಟ್‌ವೇರ್ ಮೇಲಿನ ಕಂಪ್ಯೂಟರಿನಲ್ಲೇ ಓಡಬೇಕು ಅಂದರೆ ಬೇರೆ ಮಾತು.

ಇನ್ನೊಂದು. ಟಚ್ ಬಂದ ಮೇಲೆ, ಕೆಳಗೆ ಮುಟ್ಟಿದರೆ ಮೇಲಿನ ಮಾನಿಟರಿನಲ್ಲಿ ಕ್ಲಿಕ್ ಆದರೆ ಗಾಬರಿಯಾಗಬೇಡಿ. ಎರಡು ಮಾನಿಟರ್ ಇದ್ದಾಗ ವಿಂಡೋಸ್‌ಗೆ ಟಚ್ ಯಾವುದರದ್ದು ಅಂತ ಗೊಂದಲವಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್ ತೆಗೆದು ಸೆಟಪ್ ಒತ್ತಿ. ಸ್ಕ್ರೀನ್ ಮುಟ್ಟಿ ಅನ್ನೋ ಬರಹ ಮೇಲಿನ ಮಾನಿಟರಿನಲ್ಲಿ ಬಂದರೆ ಎಂಟರ್ ಹೊಡೆಯಿರಿ, ಕೆಳಗಿನದರಲ್ಲಿ ಬಂದಾಗ ಅದನ್ನು ಬೆರಳಿಂದ ಮುಟ್ಟಿ. ಮೇಲೊಬ್ಬರು, ಕೆಳಗೊಬ್ಬರು ಫೋನಿನಲ್ಲಿ ಮಾತಾಡುತ್ತಾ ಮಾಡಿದರೆ ಮೆಟ್ಟಿಲು ಹತ್ತಿ ಇಳಿಯೋದು ತಪ್ಪುತ್ತದೆ.