ಅತ್ತೆಯವರ ಅರವತ್ತು, ಹೋಟೆಲಿನ ಬಿಲ್ಲು

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಮುಂದಿನ ತಿಂಗಳು ನಮ್ಮ ಅತ್ತೆಗೆ 60 ತುಂಬುತ್ತದೆ. ಹೊರಗೆ ಊಟ ಮಾಡಿಸಬೇಕೆಂದು ನಮ್ಮ ಯಜಮಾನರ ಆಸೆ. 14 ಜನ ಆಗುತ್ತೇವೆ, 15,000 ರೂಪಾಯಿಯೊಳಗೆ ಮುಗಿಯಬೇಕು. ಹೋದ ವರ್ಷ ಮಾವನವರ ಹುಟ್ಟುಹಬ್ಬಕ್ಕೆ ಹೀಗೇ ಹೋಗಿದ್ದೆವು. ಮೈದುನ, ಓರಗಿತ್ತಿ ಮನಸ್ಸಿಗೆ ಬಂದದ್ದೆಲ್ಲ ಆರ್ಡರ್ ಮಾಡಿದರು, ಬಿಲ್ ಬಂದಾಗ ಮೊಬೈಲ್ ನೋಡುತ್ತ ಕೂತರು. ನಮ್ಮವರು ಸರ್ವಿಸ್ ಚಾರ್ಜಿಗೆ ವೇಟರ್ ಮೇಲೆ ರೇಗಿದರು. ಈರುಳ್ಳಿ–ಬೆಳ್ಳುಳ್ಳಿ ಮುಟ್ಟದ, ಏಕಾದಶಿ ತಪ್ಪಿಸದ ಅತ್ತೆ ಬರೀ ಮೊಸರನ್ನ ತಿಂದು ಎದ್ದರು. ಈಗ ಬೇಡ ಅಂದರೆ ಸೊಸೆ ಜಿಪುಣಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಬೇಡ ಅನ್ನಬೇಡಿ. ಮನೆಯಲ್ಲಿ ಆಗಬೇಕಿದ್ದ ಮಾತು ಹೋದ ವರ್ಷ ಟೇಬಲ್ ಮುಂದೆ ಆಯಿತು, ಅಷ್ಟೇ. ಈ ಸಲ ಅದನ್ನು ಒಂದು ವಾರ ಮೊದಲೇ ಮುಗಿಸಿ.

ಮೈದುನನಿಗೆ ಫೋನ್ ಮಾಡಬೇಕಾದವರು ನಿಮ್ಮ ಯಜಮಾನರು, ನೀವಲ್ಲ. ಅಣ್ಣ ಹೇಳಿದರೆ ಏರ್ಪಾಡು, ಅತ್ತಿಗೆ ಹೇಳಿದರೆ ಲೆಕ್ಕಾಚಾರ! "ಅಮ್ಮನ ಊಟ ನಾನು ನೋಡ್ಕೋತೀನಿ, ಕೇಕು ನಿನ್ನದು" ಅಂದರೆ ಸಾಕು. ಅರ್ಧರ್ಧ ಹಾಕುವುದಾದರೆ ಮೊತ್ತ ಹೇಳಿಬಿಡಲಿ. "ಆಮೇಲೆ ನೋಡೋಣ" ಅಂದಿದ್ದೇ ಹೋದ ವರ್ಷದ ಮೊಬೈಲ್ ನೋಟಕ್ಕೆ ಕಾರಣ.

ತೆರಿಗೆಗೆ ಮೊದಲು 14,000 ನಿಮ್ಮ ಮಿತಿ, ಅಂದರೆ ತಲೆಗೆ ಸಾವಿರ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5 ಪರ್ಸೆಂಟ್, ಸೇರಿ 14,700. ಇದರ ಮೇಲೆ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ಬಿದ್ದರೆ 1,400, ಆ ಚಾರ್ಜಿಗೂ ಜಿಎಸ್‌ಟಿ ಹಾಕಿ ಬಿಲ್ 16,170 ಆಗುತ್ತದೆ. ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಟೇಬಲ್ ಬುಕ್ ಮಾಡುವಾಗಲೇ ಕೇಳಿ, ಉತ್ತರವನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಆಮೇಲೂ ಹಾಕಿದರೆ ಮ್ಯಾನೇಜರ್ ಹತ್ತಿರ ತೆಗೆಸಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ವೇಟರ್ ಮೇಲೆ ರೇಗಿ ಪ್ರಯೋಜನವಿಲ್ಲ, ಬಿಲ್ಲಿನ ಸಾಲು ಅಳಿಸುವ ಅಧಿಕಾರ ಅವನಿಗಿಲ್ಲ. ಚೆನ್ನಾಗಿ ಬಡಿಸಿದರೆ ಟಿಪ್ಸನ್ನು ಅವನ ಕೈಗೇ ಕೊಡಿ.

ಅತ್ತೆಯವರ ಊಟಕ್ಕೆ ಇನ್ನೂ ಹೆಚ್ಚು ತಯಾರಿ ಬೇಕು. "ಈರುಳ್ಳಿ ಹಾಕಬೇಡಿ" ಎಂದು ಟೇಬಲ್ಲಿನಲ್ಲಿ ಕೂತು ಹೇಳಿದರೆ ಅಡುಗೆಯವರು ಏನೂ ಮಾಡಲಾರರು. ಗ್ರೇವಿಗಳು ಮಧ್ಯಾಹ್ನಕ್ಕೇ ಈರುಳ್ಳಿ–ಟೊಮೆಟೊ ಅರೆದು ಸಿದ್ಧವಾಗಿರುತ್ತವೆ, ಪನೀರ್ ಟಿಕ್ಕಾ ಬೆಳ್ಳುಳ್ಳಿ ಪೇಸ್ಟಿನಲ್ಲಿ ನೆನೆದಿರುತ್ತದೆ. ಗೋಡಂಬಿಯ ಬಿಳಿ ಗ್ರೇವಿ ನೋಡಿ ಮೋಸ ಹೋಗಬೇಡಿ. ಅದರಲ್ಲೂ ಬೇಯಿಸಿ ರುಬ್ಬಿದ ಈರುಳ್ಳಿ ಇರುವುದೇ ಹೆಚ್ಚು. ಹಿಂದಿನ ದಿನ ಮಧ್ಯಾಹ್ನ ನಾಲ್ಕರ ಹೊತ್ತಿಗೆ, ರಶ್ ಇಲ್ಲದಾಗ, ಫೋನ್ ಮಾಡಿ "ಜೈನ್ ಊಟ, ಒಬ್ಬರಿಗೆ" ಅನ್ನಿ. ಆ ಒಂದು ಪದ ಅಡುಗೆಮನೆಗೆ ತಕ್ಷಣ ಅರ್ಥವಾಗುತ್ತದೆ. ಆಲೂಗಡ್ಡೆಯೂ ಬರುವುದಿಲ್ಲ, ಅದೇನು ದೊಡ್ಡ ನಷ್ಟವಲ್ಲ. ಚಟ್ನಿ, ದಾಲ್ ಒಗ್ಗರಣೆಗೆ ಬೆಳ್ಳುಳ್ಳಿ ಹಾಕುತ್ತಾರಾ ಎಂದು ಬೇರೆಯಾಗಿ ಕೇಳಿ. ಅವರ ತಟ್ಟೆ ಎಲ್ಲರಿಗಿಂತ ಮೊದಲು ಬರಬೇಕೆಂದೂ ಹೇಳಿಡಿ.

ಮೆನು ಕಾರ್ಡು ಕೈಗೆ ಸಿಕ್ಕರೆ ಓರಗಿತ್ತಿ ಶುರುಮಾಡುತ್ತಾರೆ, ಹಾಗಾಗಿ ಐಟಮ್ಮುಗಳನ್ನು ನೀವೇ ಮೊದಲು ಗೊತ್ತುಮಾಡಿ. 14 ಜನಕ್ಕೆ ಎರಡು ಬಗೆ ಸ್ಟಾರ್ಟರ್, ತಲಾ ನಾಲ್ಕು ಪ್ಲೇಟ್. ಪಲ್ಯ–ಗ್ರೇವಿ ನಾಲ್ಕೈದು ಬೌಲ್ (ಒಂದು ಬೌಲ್ ಮೂರು ಜನಕ್ಕೆ), ಅನ್ನದ ಐಟಂ ಐದು ಪ್ಲೇಟ್. ರೊಟ್ಟಿ ತಲೆಗೆ ಎರಡಾದರೂ ಮೊದಲು ಹದಿನಾಲ್ಕೇ ಹೇಳಿ, ತಣ್ಣಗಾದ ನಾನ್ ಚಕ್ಕಳವಾಗುತ್ತದೆ. "ಇನ್ನೊಂದು ಪ್ಲೇಟ್ ತರಲಾ?" ಎಂದು ವೇಟರ್ ಕೇಳುವುದು ಸ್ಟಾರ್ಟರ್ ಹೊತ್ತಿನಲ್ಲೇ, ಅಲ್ಲಿ ಹೂಂ ಅಂದರೆ ಮುಂದಿನ ಊಟ ಮಿಕ್ಕುತ್ತದೆ. ಸದ್ದಿಲ್ಲದೆ ಬಿಲ್ ಏರಿಸುವುದು ಮಾಕ್‌ಟೇಲು. ಮಕ್ಕಳಿಗೆ ಮಾತ್ರ ಇರಲಿ.

ಒಂದೂವರೆ ಕೆಜಿ ಎಗ್‌ಲೆಸ್ ಕೇಕ್ ಸಾಕು. ಹೊರಗಿನ ಕೇಕಿಗೆ ಕೆಲವು ಕಡೆ ಚಾರ್ಜ್ ಇದೆ, ಕೇಳಿಕೊಳ್ಳಿ. ದೀಪ ಊದಿ ಆರಿಸುವುದು ಅತ್ತೆಗೆ ಹಿಡಿಸದಿದ್ದರೆ ಮೊಂಬತ್ತಿಯೇ ಬೇಡ. ರಾತ್ರಿಗಿಂತ ಮಧ್ಯಾಹ್ನ 12.30ಕ್ಕೆ ಹೋಗುವುದು ಒಳ್ಳೆಯದು: ಗಲಾಟೆ ಕಡಿಮೆ, ಹಿರಿಯರಿಗೆ ಜೀರ್ಣಕ್ಕೂ ಸುಲಭ. ಮೆಟ್ಟಿಲು ಎಷ್ಟಿವೆ, ಲಿಫ್ಟ್ ಇದೆಯಾ ಕೇಳಿ.

ಐಸ್‌ಕ್ರೀಂ ಬರುವಾಗ ಯಜಮಾನರು ಕೈ ತೊಳೆಯುವ ನೆಪದಲ್ಲಿ ಎದ್ದು ಕೌಂಟರಿನಲ್ಲೇ ದುಡ್ಡು ಕಟ್ಟಿ ಬರಲಿ. ಬಿಲ್ಲಿನ ಫೋಲ್ಡರ್ ಟೇಬಲ್ಲಿಗೆ ಬರುವುದೇ ಬೇಡ.

ಅಂದಹಾಗೆ, ಟೇಬಲ್ ಬುಕ್ ಮಾಡುವ ಮೊದಲು ಪಂಚಾಂಗ ತೆಗೆದು ನೋಡಿ, ಆ ದಿನ ಏಕಾದಶಿ ಬಿದ್ದಿದೆಯೇ ಎಂದು.